ಎರಡು ಅಳತೆಯ ಮೊಟ್ಟೆ

ಅಕ್ಕ ಅಳೆದರೆ ಮೊಟ್ಟೆ ಸಣ್ಣದು, ತಂಗಿ ಅಳೆದರೆ ದೊಡ್ಡದು. ಮೊಟ್ಟೆಗಳು ಒಂದೇ ತಟ್ಟೆಯವು, ತಟ್ಟೆಯ ನೀರು ಒಂದೇ ಕಡಲಿನದು, ಇಬ್ಬರ ಮೈಕ್ರೋಸ್ಕೋಪುಗಳೂ ಒಂದೇ ಪೆಟ್ಟಿಗೆಯಲ್ಲಿ ಬಂದ ಜೋಡಿ. ಆದರೂ ಇಪ್ಪತ್ತು ವರ್ಷಗಳಿಂದ ಈ ಮಾತು ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಬೇರೆ ಎಲ್ಲಾದರೂ ಆಗಿದ್ದರೆ ಯಾರಾದರೊಬ್ಬರು 'ಇದೇನಪ್ಪಾ ವಿಚಿತ್ರ' ಎಂದು ಕೇಳಿ, ಅರ್ಧ ಗಂಟೆಯಲ್ಲಿ ಇತ್ಯರ್ಥ ಮಾಡುತ್ತಿದ್ದರು. ಇದು ಸಂಶೋಧನಾಲಯ. ಇಲ್ಲಿ ಬುದ್ಧಿವಂತರು ಬಹಳ ಜನ ಇದ್ದರು, ಹಾಗಾಗಿ ಯಾರೂ ಕೇಳಲಿಲ್ಲ.

ಮೊಟ್ಟೆ ಎಂದರೆ ಕೋಳಿಯದಲ್ಲ, ಬಾರ್ನಕಲ್‌ನದು. ಬಂದರಿನ ಕಂಬಗಳಿಗೆ, ದೋಣಿಗಳ ಹೊಟ್ಟೆಗೆ ಬಿಳಿ ಹಕ್ಕಳೆಯ ಹಾಗೆ ಹತ್ತಿಕೊಂಡು, ಬರಿಗಾಲಲ್ಲಿ ತುಳಿದವರ ಅಂಗಾಲು ಸೀಳುತ್ತದಲ್ಲ, ಆ ಚಿಪ್ಪಿನ ಪ್ರಾಣಿ. ಮರಿಯಾಗಿದ್ದಾಗ ಕಡಲೆಲ್ಲ ಸುತ್ತುತ್ತದೆ. ವಯಸ್ಸಿಗೆ ಬಂದಮೇಲೆ ಒಂದು ಒಳ್ಳೆಯ ಜಾಗ ನೋಡಿ, ತಲೆಯನ್ನೇ ಅಲ್ಲಿ ಅಂಟಿಸಿಕೊಂಡು, ಸಾಯುವತನಕ ಕಾಲಿನಿಂದ ಊಟ ಬಾಚಿಕೊಳ್ಳುತ್ತ ಕೂತುಬಿಡುತ್ತದೆ, ಥೇಟು ಕಾಯಂ ನೌಕರಿ ಸಿಕ್ಕವರ ಹಾಗೆ. ಮೊಟ್ಟೆಗಳನ್ನು ಚಿಪ್ಪಿನೊಳಗೇ ಇಟ್ಟುಕೊಂಡು ಕಾಪಾಡಿ, ಮರಿಯಾದ ಮೇಲೆ ನೀರಿಗೆ ಬಿಡುತ್ತದೆ. ಆ ಮೊಟ್ಟೆಗಳ ಗಾತ್ರದಲ್ಲಿ ಹೆಚ್ಚುಕಡಿಮೆ ಇದ್ದೇ ಇರುತ್ತದೆ. ತಣ್ಣೀರಿನ ಕಡೆ ದೊಡ್ಡದು, ಬೆಚ್ಚಗಿನ ಕಡೆ ಸಣ್ಣದು ಎನ್ನುತ್ತಾರೆ. ಹೊಟ್ಟೆತುಂಬ ತಿಂದ ತಾಯಿಯದು ಒಂದು ಥರ, ಅರೆಹೊಟ್ಟೆಯದು ಇನ್ನೊಂದು ಥರ. ಒಂದೇ ಕಂಬದ ಮೇಲೆ ಮೈಗೆ ಮೈ ತಾಗಿಸಿ ಕೂತ ಎರಡರ ಮೊಟ್ಟೆಗಳೂ ಒಂದೇ ಸಮ ಇರುವುದಿಲ್ಲ. ಹತ್ತಾರು ತಾಯಂದಿರ ಮೊಟ್ಟೆಗಳನ್ನು ಒಂದೇ ತಟ್ಟೆಯಲ್ಲಿ ಬೆರೆಸಿ, ಅದರಲ್ಲಿ ಕೈಗೆ ಸಿಕ್ಕ ಐವತ್ತನ್ನು ಅಳೆಯುವುದು ಅಕ್ಕತಂಗಿಯರ ಕೆಲಸ.

ಇಬ್ಬರನ್ನೂ ಮೊದಲ ಸಲ ನೋಡಿದವರು ತಪ್ಪದೆ ಎಡವುತ್ತಿದ್ದರು. ಅಕ್ಕ ಸಣಕಲು, ಒಣಗಿದ ಸೌದೆ. ಮೈಮೇಲೆ ಕೊಬ್ಬೆಂಬುದೇ ಇಲ್ಲದ್ದರಿಂದ ಬಿರುಬೇಸಿಗೆಯಲ್ಲೂ ಬೂದು ಸ್ವೆಟರ್ ಬಿಡುತ್ತಿರಲಿಲ್ಲ. ತಂಗಿಯದು ಬಾಗಿಲು ತುಂಬುವ ಮೈ, ಹೆಸರು ಮಾತ್ರ ಪುಟ್ಟಿ. ಐವತ್ತು ದಾಟಿದ ಮೇಲೂ ಅವಳು ಎಲ್ಲರಿಗೂ ಪುಟ್ಟಿಯೇ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ, "ಹೊತ್ತಾಗ್ಲಿಲ್ಲ" ಎನ್ನುತ್ತಿದ್ದಳು. ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ, ಮಾಳಿಗೆಯ ಮೇಲೆ ಎರಡು ಕೋಣೆಯ ಮನೆ. ಬೆಳಿಗ್ಗೆ ಜೊತೆಗೆ ಬರುವುದು, ಸಂಜೆ ಜೊತೆಗೆ ಹೋಗುವುದು. ಹುಟ್ಟಿದಾಗಿನಿಂದ ಒಂದು ದಿನವೂ ಬೇರೆಬೇರೆ ಮಲಗಿದವರಲ್ಲ.

ಸಂಶೋಧನಾಲಯಕ್ಕೆ ಇವರ ಎರಡು ಅಳತೆಗಳು ಸಿಕ್ಕಿದ್ದು ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಗಿತ್ತು. ನಮ್ಮ ಬಂದರಿನಲ್ಲಿ ಒಂದಲ್ಲ, ಎರಡು ಜಾತಿ ಬಾರ್ನಕಲ್ ಇವೆ ಎಂದು ಘೋಷಿಸಿದರು. ಎರಡು ಜಾತಿ ಎಂದಮೇಲೆ ಎರಡು ವಿಭಾಗ ಬೇಡವೇ? ದೊಡ್ಡ ಮೊಟ್ಟೆ ವಿಭಾಗ, ಸಣ್ಣ ಮೊಟ್ಟೆ ವಿಭಾಗ. ಎರಡಕ್ಕೂ ಬೇರೆಬೇರೆ ಮುಖ್ಯಸ್ಥರು, ಬೇರೆಬೇರೆ ಬಾಗಿಲು, ಐದು ನಿಮಿಷ ಹಿಂದೆಮುಂದೆ ನಡೆಯುವ ಬೇರೆಬೇರೆ ಗಡಿಯಾರ. ಮೂಗಿಗಿಂತ ಮೂಗುತಿ ಭಾರ. ದೊಡ್ಡ ಮೊಟ್ಟೆಯವರ ವಾದ ಏನೆಂದರೆ, ತಾಯಿಯಾದವಳು ನಾಲ್ಕೇ ಮಕ್ಕಳನ್ನು ಹೆತ್ತರೂ ಬುತ್ತಿ ಕಟ್ಟಿ ಕಳಿಸಬೇಕು. ದೊಡ್ಡ ಮೊಟ್ಟೆಯಿಂದ ದೊಡ್ಡ ಮರಿ, ಅದು ಕೆಲವು ದಿನ ಉಪವಾಸ ಬಿದ್ದರೂ ಸಾಯುವುದಿಲ್ಲ. ಸಣ್ಣ ಮೊಟ್ಟೆಯವರು ಅದಕ್ಕೆ ನಗುತ್ತಿದ್ದರು. ಸಾವಿರ ಮಕ್ಕಳನ್ನು ಹೆತ್ತು ಬರಿಗೈಯಲ್ಲಿ ನೀರಿಗೆ ತಳ್ಳಿದರೆ, ಉಳಿಯುವ ಹತ್ತು ಗಟ್ಟಿಯಾಗಿ ಉಳಿಯುತ್ತವೆ ಎಂಬುದು ಅವರ ಪಾಠ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಒಂದು ಸಭೆಯಲ್ಲಿ ಮಾತಿಗೆ ಮಾತು ಬೆಳೆದು, ದೊಡ್ಡ ಮೊಟ್ಟೆಯ ಮುಖ್ಯಸ್ಥರು ಸಣ್ಣ ಮೊಟ್ಟೆಯ ಮುಖ್ಯಸ್ಥರ ಕಡೆಗೆ ನೀರಿನ ಹೂಜಿ ಎಸೆದರು. ಮಾರನೆಯ ದಿನವೇ ಗಾರೆಯವರು ಬಂದು ಅಳತೆಯ ಕೋಣೆಯ ನಡುವೆ ಗೋಡೆ ಎಬ್ಬಿಸಿದರು. ಅಕ್ಕ ಗೋಡೆಯ ಆಚೆಗಾದಳು, ಪುಟ್ಟಿ ಈಚೆಗಾದಳು.

ಗೋಡೆ ಕಟ್ಟಿದ ಮೇಲೆ ಒಂದು ಸಂಗತಿ ಹೊಳೆಯಿತು: ಮೊಟ್ಟೆಯ ತಟ್ಟೆ ಇರುವುದು ಒಂದೇ. ಆಗ ಇಟ್ಟಿಗೆ ಕಿತ್ತು ಒಂದು ಕಿಂಡಿ ಮಾಡಿದರು. ಬೆಳಿಗ್ಗೆ ತಟ್ಟೆ ಮೊದಲು ಅಕ್ಕನ ಕಡೆ ಬರುತ್ತದೆ, ಹಿರಿಯಳಲ್ಲವೇ. ಅವಳು ತೆಳುವಾದ ಗಾಜಿನ ಕೊಳವೆಯಿಂದ ತನ್ನ ಐವತ್ತನ್ನು ಹೀರಿಕೊಂಡು, ಉಳಿದದ್ದನ್ನು ಎರಡು ಬೆರಳಿನಿಂದ ಕಿಂಡಿಯೊಳಗೆ ತಳ್ಳುತ್ತಾಳೆ. ಪುಟ್ಟಿ ಅದರಿಂದ ತನ್ನ ಐವತ್ತನ್ನು ತೆಗೆದುಕೊಳ್ಳುತ್ತಾಳೆ. ಮಧ್ಯಾಹ್ನದ ಊಟವೂ ಅದೇ ಕಿಂಡಿಯಲ್ಲೇ. ಆಚೆ ಅಕ್ಕನ ಸ್ವೆಟರಿನ ತೋಳು, ಈಚೆ ಪುಟ್ಟಿಯ ಗಲ್ಲ, ನಡುವೆ ಊಟದ ಡಬ್ಬಿ. ಅದೂ ಅಭ್ಯಾಸವಾಗಿ ಹೋಯಿತು. ಮನುಷ್ಯ ಯಾವುದಕ್ಕೆ ತಾನೆ ಒಗ್ಗುವುದಿಲ್ಲ?

ಎಲ್ಲ ಹೀಗೆ ನೆಮ್ಮದಿಯಾಗಿ ನಡೆಯುತ್ತಿದ್ದಾಗ ಕೇಂದ್ರ ಕಚೇರಿಯಿಂದ ಸರಾಸರಿ ಸಾಹೇಬರು ಬಂದರು.

ಅವರ ನಿಜವಾದ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ, ಪ್ರಾಯಶಃ ಅವರೂ. ಜಗತ್ತಿನ ಎಲ್ಲ ತಂಟೆಗೂ ಸರಾಸರಿಯೇ ಮದ್ದು ಎಂದು ನಂಬಿದ ಮನುಷ್ಯ. ಬಿಸಿ ಚಹಾಕ್ಕೆ ಅಷ್ಟೇ ತಣ್ಣೀರು ಬೆರೆಸಿ ಕುಡಿಯುತ್ತಿದ್ದರು. ಬಲಗಾಲಿಗೂ ಎಡಗಾಲಿಗೂ ಅಳತೆಯಲ್ಲಿ ಕೊಂಚ ವ್ಯತ್ಯಾಸ ಇದ್ದುದರಿಂದ ಎರಡಕ್ಕೂ ನಡುವಿನ ಅಳತೆಯ ಬೂಟು ಹೊಲಿಸಿಕೊಂಡು, ಒಂದು ಕಾಲು ಕಚ್ಚಿಸಿಕೊಂಡು ಇನ್ನೊಂದು ಕಾಲು ಜಾರಿಸಿಕೊಂಡು ನಡೆಯುತ್ತಿದ್ದರು. ಅಂಥವರು ಗೋಡೆಯನ್ನು ನೋಡಿದರು, ಎರಡು ಗಡಿಯಾರಗಳನ್ನು ನೋಡಿದರು, ಆಮೇಲೆ ಸಂಶೋಧನಾಲಯದ ಮೇಲ್ವಿಚಾರಕರನ್ನು ನೋಡಿದರು. ಈ ಮೇಲ್ವಿಚಾರಕರ ಅಡ್ಡಹೆಸರು 'ನೋಡೋಣ'. ಏನೇ ಕೇಳಿದರೂ ಅವರ ಬಾಯಿಂದ ಬರುತ್ತಿದ್ದುದು ಅದೊಂದೇ ಮಾತು.

"ಒಂದು ಕಂಬ, ಒಂದು ನೀರು, ಒಂದು ತಟ್ಟೆ. ಅಳತೆ ಮಾತ್ರ ಎರಡು! ಏನ್ರೀ ಇದು?" ಎಂದರು ಸಾಹೇಬರು.

"ನೋಡೋಣ ಸಾರ್."

"ನೋಡೋದೇನು ಬಂತು? ಇಬ್ಬರಲ್ಲಿ ಒಬ್ಬರ ಕಣ್ಣು ಕೆಟ್ಟಿದೆ. ಒಂದು ಪ್ರಾಣಿಗೆ ಒಂದೇ ಅಳತೆ ಇರಬೇಕು. ಸೋಮವಾರ ನನ್ನ ಕಣ್ಣೆದುರಿಗೆ ಇಬ್ಬರೂ ಅಳೀಲಿ. ತಪ್ಪು ಅಳತೆಯವರು ಉತ್ತರದ ದ್ವೀಪಕ್ಕೆ ಹೋಗಲಿ."

ಉತ್ತರದ ದ್ವೀಪ ಎಂದರೆ ಸಂಶೋಧನಾಲಯದ ಕಟ್ಟಕಡೆಯ ಠಾಣೆ. ಒಂದು ಕೋಣೆ, ಒಂದು ಕಲ್ಲುಬಂಡೆ, ವರ್ಷಕ್ಕೊಮ್ಮೆ ಹಡಗು. ಕಿಟಕಿಯ ಗಾಜಿಗೆ ಒಳಗಿನಿಂದಲೇ ಹಿಮ ಕಟ್ಟುತ್ತದಂತೆ. ಅಲ್ಲಿಗೆ ಹೋದ ಹಿಂದಿನ ಅಳತೆಗಾರ ವಾಪಸು ಬಂದಮೇಲೆ ಮನುಷ್ಯರ ಜೊತೆ ಮಾತು ಬಿಟ್ಟು ಕುರ್ಚಿಗಳ ಜೊತೆ ಮಾತಾಡುತ್ತಿದ್ದ. ತಪ್ಪು ಅಳತೆ ಯಾವುದು ಎಂಬುದೂ ಸಾಹೇಬರ ಮನಸ್ಸಿನಲ್ಲಿ ಆಗಲೇ ಅರ್ಧ ಇತ್ಯರ್ಥವಾಗಿತ್ತು. ವಯಸ್ಸಾದವರ ಕಣ್ಣಿಗೆ ವಸ್ತುಗಳು ಚಿಕ್ಕದಾಗಿ ಕಾಣುತ್ತವೆ ಎಂದು ಅವರು ಹೋಗುವಾಗ ನೋಡೋಣ ಅವರ ಹತ್ತಿರ ಹೇಳಿ ಹೋದರು. ಅಂದರೆ ಅಕ್ಕ.

ಪುಟ್ಟಿಗೆ ಆ ರಾತ್ರಿ ಅನ್ನ ಸೇರಲಿಲ್ಲ. ಇದು ಅವಳ ಬಾಳಿನಲ್ಲೇ ಮೊದಲು. ಮಂಡಿನೋವಿನ, ಸ್ವೆಟರಿನ ಅಕ್ಕ ಆ ಬಂಡೆಯ ಮೇಲೆ ಒಬ್ಬಳೇ ಕೂತು ಕುರ್ಚಿಯ ಜೊತೆ ಮಾತಾಡುವುದೇ ಅವಳ ಕಣ್ಣಮುಂದೆ ಬರುತ್ತಿತ್ತು. ಅಕ್ಕ ಮಾತ್ರ ಏನೂ ಆಗಿಲ್ಲವೆಂಬಂತೆ ಪಾತ್ರೆ ತೊಳೆದಳು. "ಕಣ್ಣಿಗೇನಾಗಿದೆ ನಂಗೆ? ಎದುರು ಮನೆ ಸೂಜಿಗೆ ಇಲ್ಲಿಂದ್ಲೇ ದಾರ ಪೋಣಿಸ್ತೀನಿ, ಬೇಕಾದ್ರೆ ಅವ್ರು ಬಂದು ನೋಡ್ಲಿ" ಎಂದಳು.

ಮಾರನೆಯ ದಿನ ಮಧ್ಯಾಹ್ನ ಊಟದ ಹೊತ್ತು. ಡಬ್ಬಿಯಲ್ಲಿ ಎಂದಿನಂತೆ ಅನ್ನ, ಎರಡು ತುಂಡು ಹುರಿದ ಮೀನು. ಒಂದು ನಡುತುಂಡು, ದಪ್ಪ, ಅಂಗೈಯಗಲ. ಇನ್ನೊಂದು ಬಾಲ. ಅಕ್ಕ ಬಾಲವನ್ನು ಎತ್ತಿಕೊಂಡು, ಉಳಿದದ್ದನ್ನು ಎರಡು ಬೆರಳಿನಿಂದ ಕಿಂಡಿಯೊಳಗೆ ತಳ್ಳಿದಳು.

"ನೀನು ನಡುತುಂಡು ತಗೋ ಪುಟ್ಟಿ. ನಂಗೆ ಬಾಲವೇ ಇಷ್ಟ."

ಈ ಮಾತನ್ನು ಪುಟ್ಟಿ ಎಷ್ಟು ಸಲ ಕೇಳಿದ್ದಳೋ ಲೆಕ್ಕವಿಲ್ಲ. ಅಮ್ಮ ಇದ್ದಾಗ ಮನೆಯಲ್ಲಿ ಒಂದು ಕಟ್ಟಳೆ ಇತ್ತು: ದೊಡ್ಡವಳು ಮೊದಲು ತೆಗೆದುಕೊಳ್ಳಬೇಕು, ಆದರೆ ಸಣ್ಣದನ್ನೇ ತೆಗೆದುಕೊಳ್ಳಬೇಕು. ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಪುಟ್ಟಿ ಎಂದಿನಂತೆ ಡಬ್ಬಿಗೆ ಕೈ ಹಾಕಿದವಳು ಹಾಗೇ ನಿಂತುಬಿಟ್ಟಳು. ಬೆಳಿಗ್ಗೆ ಇದೇ ಕಿಂಡಿಯಲ್ಲಿ, ಇದೇ ಎರಡು ಬೆರಳು, ಹೀಗೇ ಮೊಟ್ಟೆಯ ತಟ್ಟೆಯನ್ನು ತಳ್ಳಿದ್ದವು.

ಇಪ್ಪತ್ತು ವರ್ಷ! ಎರಡು ಜಾತಿ, ಎರಡು ವಿಭಾಗ, ಎಸೆದ ಹೂಜಿ, ಎಬ್ಬಿಸಿದ ಗೋಡೆ, ಹೊರದೇಶದ ಪಂಡಿತರು ಬಂದು ತಲೆದೂಗಿ ಹೋದ ಸಿದ್ಧಾಂತ. ಎಲ್ಲದರ ಬುಡದಲ್ಲಿ ಇದ್ದದ್ದು ಇಷ್ಟೇ. ಅಕ್ಕ ತಟ್ಟೆಯಿಂದ ಸಣ್ಣ ಮೊಟ್ಟೆಗಳನ್ನು ತನಗೆ ಆರಿಸಿಕೊಂಡು, ದೊಡ್ಡವನ್ನು ತಂಗಿಗೆ ಬಿಡುತ್ತಿದ್ದಳು.

"ಅಕ್ಕ, ಬೆಳಿಗ್ಗೆ ಮೊಟ್ಟೆ ತೆಗೀವಾಗ ನೀನು ಆರಿಸ್ತೀಯಾ?" ಎಂದು ಕಿಂಡಿಗೆ ಬಾಯಿಟ್ಟು ಕೇಳಿದಳು.

"ಆರಿಸೋದೇನೇ? ಕೈಗೆ ಸಿಕ್ಕಿದ್ದು ತಗೋತೀನಿ."

"ನಿನ್ನ ಕೈಗೆ ಸಣ್ಣವೇ ಸಿಗುತ್ವಲ್ಲ."

ಆಚೆ ಅಗಿಯುವ ಸದ್ದು ನಿಂತಿತು. "ಏನಂದೆ? ನಾನು ಕೆಲಸದಲ್ಲಿ ಮೋಸ ಮಾಡ್ತೀನಿ ಅಂತಾನಾ?"

"ಮೋಸ ಅಲ್ಲ ಅಕ್ಕ, ಅಭ್ಯಾಸ..."

"ಇಪ್ಪತ್ತು ವರ್ಷ ಆಯ್ತು ಈ ಕೊಳವೆ ಹಿಡಿದು. ನನ್ನ ಕೈ ತಕ್ಕಡಿ ಇದ್ದ ಹಾಗೆ. ಆ ಸಾಹೇಬನ ಜೊತೆ ನೀನೂ ಸೇರ್ಕೊಂಡ್ಯಾ? ಮೊದ್ಲು ಊಟ ಮಾಡು, ಮೀನು ಆರ್ತಿದೆ."

ಅಕ್ಕನಿಗೆ ಅದು ನಿಜವಾಗಿಯೂ ಗೊತ್ತಿರಲಿಲ್ಲ. ಉಸಿರಾಡುವವರಿಗೆ ಉಸಿರಾಡುತ್ತಿದ್ದೇನೆ ಎಂದು ಗೊತ್ತಿರುತ್ತದೆಯೇ? ಪುಟ್ಟಿ ನಡುತುಂಡನ್ನು ಬಾಯಿಗಿಟ್ಟಳು. ರುಚಿಯಾಗಿಯೇ ಇತ್ತು, ಅದೇ ಅವಳಿಗೆ ಹೆಚ್ಚು ನಾಚಿಕೆ ತಂದದ್ದು. ಸಾಹೇಬರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡೋಣವೆಂದರೆ, ಅಳತೆಗಾರ್ತಿ ಕಣ್ಣು ಕೆಟ್ಟವಳಲ್ಲ, ಮೊಟ್ಟೆ ಆರಿಸಿದವಳು ಎಂದಾಗುತ್ತದೆ. ಅದಕ್ಕೆ ದ್ವೀಪವೂ ಸಾಲದು, ಮನೆಗೇ ಕಳಿಸುತ್ತಾರೆ. ಯೋಚಿಸಿ ಯೋಚಿಸಿ ಪುಟ್ಟಿ ಒಂದು ಉಪಾಯ ಕಂಡುಕೊಂಡಳು. ಸೋಮವಾರ ತಟ್ಟೆಗೆ ತಾನೇ ಮೊದಲು ಕೈ ಹಾಕುವುದು. ಸಣ್ಣವನ್ನೆಲ್ಲ ತಾನೇ ಹೆಕ್ಕಿಕೊಂಡು ದೊಡ್ಡವನ್ನು ಅಕ್ಕನಿಗೆ ಉಳಿಸುವುದು. ಆಗ ಅಕ್ಕನ ಅಳತೆ ದೊಡ್ಡದು, ತನ್ನದು ಸಣ್ಣದು. ಕಣ್ಣು ಕೆಟ್ಟವಳು ತಾನಾಗುತ್ತೇನೆ, ದ್ವೀಪಕ್ಕೂ ತಾನೇ ಹೋಗುತ್ತೇನೆ. ಮೈಯಲ್ಲಿ ಇಷ್ಟು ಕೊಬ್ಬಿದೆ, ಚಳಿ ಏನು ಮಾಡೀತು? ಆ ಕೊಬ್ಬಾದರೂ ಯಾರದು?

ಸೋಮವಾರ ಬಂತು. ಸರಾಸರಿ ಸಾಹೇಬರು ಎರಡು ವಿಭಾಗಕ್ಕೂ ಅನ್ಯಾಯ ಆಗಬಾರದೆಂದು ಗೋಡೆಯನ್ನು ಅರ್ಧ ಮಾತ್ರ ಕೆಡವಿಸಿ, ಉಳಿದರ್ಧದ ಮೇಲೆ ಆಚೆಗೊಂದು ಕಾಲು ಈಚೆಗೊಂದು ಕಾಲು ಇಳಿಬಿಟ್ಟು, ಕುದುರೆ ಏರಿದಂತೆ ಕೂತರು. ಎರಡೂ ವಿಭಾಗದ ಮುಖ್ಯಸ್ಥರು ತಮ್ಮತಮ್ಮ ಕಡೆ ಕೈಕಟ್ಟಿ ನಿಂತರು. ನೋಡೋಣ ಅವರು ಮುಂಜಾಗ್ರತೆಯಿಂದ ಎರಡೂ ಹೂಜಿಗಳನ್ನು ಬೇರೆ ಕೋಣೆಗೆ ಸಾಗಿಸಿದ್ದರು. ಕಂಬ ಕೆರೆಯುವವನು ಬೆಳಿಗ್ಗೆಯೇ ತಂದ ಬಾರ್ನಕಲ್‌ಗಳನ್ನು ಬಿಡಿಸಿ, ಹಳದಿ ಮೊಟ್ಟೆಗಳನ್ನು ಸೂಜಿಯಿಂದ ಬೇರೆ ಮಾಡಿ, ತಟ್ಟೆಯನ್ನು ದೊಡ್ಡ ಭೂತಗನ್ನಡಿಯ ಕೆಳಗೆ ಇಟ್ಟಿದ್ದರು.

"ಶುರು ಮಾಡಿ" ಎಂದರು ಸಾಹೇಬರು.

"ನಾನು ಮೊದ್ಲು" ಎಂದಳು ಪುಟ್ಟಿ.

ಅಕ್ಕ ತಿರುಗಿ ನೋಡಿದಳು. "ಯಾವತ್ತೂ ನಾನೇ ಮೊದ್ಲು."

"ಅದಕ್ಕೇ. ಇವತ್ತು ನಾನು."

"ಹಿರಿಯೋಳು ಇರೋವಾಗ ಕಿರಿಯೋಳು ಮೊದ್ಲು ತಟ್ಟೆಗೆ ಕೈ ಹಾಕೋದಾ? ಅಮ್ಮ ಇದ್ದಿದ್ರೆ ಕೈಗೆ ಬರೆ ಹಾಕ್ತಿದ್ಲು."

"ಅಮ್ಮ ಇಲ್ಲ ಅಕ್ಕ! ಬಿಡು ತಟ್ಟೆ!"

ತಟ್ಟೆಯನ್ನು ಇಬ್ಬರೂ ಹಿಡಿದೆಳೆದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗಿ, ನೀರು ತುಳುಕಿ ಸಾಹೇಬರ ಎರಡೂ ಬೂಟುಗಳ ಮೇಲೆ ಸಮವಾಗಿ ಬಿತ್ತು. ಸಮವಾಗಿ ಬಿದ್ದದ್ದರಿಂದ ಅವರು ಸಿಟ್ಟಾಗಲಿಲ್ಲ. "ಇಬ್ಬರೂ ಒಟ್ಟಿಗೇ ತೆಗೀರಿ" ಎಂದು ತೀರ್ಪು ಕೊಟ್ಟರು.

ಹೀಗೆ ಅಕ್ಕತಂಗಿಯರು ಒಂದೇ ಭೂತಗನ್ನಡಿಯ ಮೇಲೆ ತಲೆಗೆ ತಲೆ ತಾಗಿಸಿ ಕೂತರು. ಪುಟ್ಟಿ ತಟ್ಟೆಯೊಳಗೆ ಇಣುಕಿದಳು. ಆಹಾ, ಎಂಥೆಂಥ ಮೊಟ್ಟೆಗಳಿದ್ದವು ಅವತ್ತು! ತುಂಬಿಕೊಂಡು ಫಳಫಳ ಹೊಳೆಯುವ ದೊಡ್ಡ ಮೊಟ್ಟೆಗಳು, ಒಳಗೆ ಮರಿಯ ಕಪ್ಪು ಕಣ್ಣೂ ಕಾಣುತ್ತಿತ್ತು. ಅವುಗಳ ಸಂದಿಯಲ್ಲಿ ಬಡಪಾಯಿ ಸಣ್ಣವು. ಪುಟ್ಟಿ ಒಂದು ಸಣ್ಣದಕ್ಕೆ ಕೊಳವೆ ಇಟ್ಟಳು. ಅಷ್ಟರಲ್ಲಿ ಅಕ್ಕನ ಕೊಳವೆ ಅದನ್ನು ಹೀರಿತು. ಇನ್ನೊಂದಕ್ಕೆ ಹೋದಳು, ಅಲ್ಲೂ ಅಕ್ಕ.

"ಅದು ನಂದು."

"ನಿನ್ನ ಹೆಸರು ಬರೆದಿದ್ಯಾ? ನೀನು ಆ ಕಡೆಯದು ತಗೋ, ಎಷ್ಟು ಚೆನ್ನಾಗಿದೆ ನೋಡು."

"ನೀನೇ ತಗೋ ಅದನ್ನ."

"ನಂಗೆ ಇದೇ ಇಷ್ಟ!"

ಹೇಳಿದ ಮೇಲೆ ಅಕ್ಕ ಗಕ್ಕನೆ ಬಾಯಿ ಮುಚ್ಚಿದಳು. ತನ್ನ ಕೈಯಲ್ಲಿದ್ದ ಕೊಳವೆಯನ್ನು ಯಾರದೋ ಕೊಳವೆಯೆಂಬಂತೆ ನೋಡಿದಳು. ಅದರೊಳಗೆ ಸಾಲಾಗಿ ನಿಂತಿದ್ದವು ಎಲ್ಲ ಸಣ್ಣವೇ. ಪುಟ್ಟಿ ಅವಳ ಮುಖ ನೋಡಿದಳು. ಅಕ್ಕನ ಕಿವಿ ಕೆಂಪಾಗಿತ್ತು. ಆದರೆ ಕೈ ನಿಲ್ಲಲಿಲ್ಲ. ಅಷ್ಟು ವರ್ಷದ ಕೈ, ಒಡತಿಗೆ ಬುದ್ಧಿ ಬಂದ ಮಾತ್ರಕ್ಕೆ ನಿಲ್ಲುತ್ತದೆಯೇ? ಪುಟ್ಟಿಯೂ ಬಿಡಲಿಲ್ಲ. ಇಬ್ಬರೂ ಕೋಳಿಗಳ ಹಾಗೆ ತಟ್ಟೆಯನ್ನು ಕುಕ್ಕಿ ಕುಕ್ಕಿ, ಅದರಲ್ಲಿದ್ದ ಸಣ್ಣ ಮೊಟ್ಟೆಗಳನ್ನು ಒಂದೂ ಬಿಡದೆ ಅರ್ಧರ್ಧ ಹಂಚಿಕೊಂಡರು. ದೊಡ್ಡವೆಲ್ಲ ಕೇಳುವವರಿಲ್ಲದೆ ಉಳಿದವು.

ಅಳತೆ ಮುಗಿಯಿತು. ಅಕ್ಕನ ಸರಾಸರಿ, ಪುಟ್ಟಿಯ ಸರಾಸರಿ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಬಂದವು. ಇಡೀ ಜಗತ್ತಿನಲ್ಲಿ ಇಲ್ಲಿಯವರೆಗೆ ಯಾರೂ ಕಾಣದಷ್ಟು ಸಣ್ಣ ಅಳತೆ.

"ಒಂದೇ!" ಎಂದು ಸಾಹೇಬರು ಗೋಡೆಯ ಮೇಲಿಂದ ಕೂಗಿದರು. ಅವರ ಕಣ್ಣಲ್ಲಿ ನೀರು ಬಂತು, ಎರಡೂ ಕಣ್ಣಲ್ಲಿ. "ಒಂದು ಪ್ರಾಣಿ, ಒಂದು ಅಳತೆ! ಇವತ್ತಿಂದ ಇದೇ ಅಧಿಕೃತ."

ಜಾತಿ ಒಂದೇ ಎಂದಮೇಲೆ ವಿಭಾಗ ಎರಡೇಕೆ ಎಂದು ದೊಡ್ಡ ಮೊಟ್ಟೆಯ ಮುಖ್ಯಸ್ಥರಿಗೂ ಸಣ್ಣ ಮೊಟ್ಟೆಯ ಮುಖ್ಯಸ್ಥರಿಗೂ ಏಕಕಾಲಕ್ಕೆ ಕುರ್ಚಿ ಹೋಯಿತು. ಅವರು ಮುರುಕು ಗೋಡೆಯ ಎರಡೂ ಕಡೆಯಿಂದ ಕೈ ಚಾಚಿ ತಬ್ಬಿಕೊಂಡು ಅತ್ತರು. "ನೋಡಿದೆವು ಸಾರ್" ಎಂದರು ನೋಡೋಣ ಅವರು. ಅವರ ಬಾಯಲ್ಲಿ ಭೂತಕಾಲ ಕೇಳಿದ್ದು ಅದೇ ಮೊದಲು. ಇಷ್ಟೆಲ್ಲ ಆಗುವಾಗ ತಟ್ಟೆಯಲ್ಲಿ ಉಳಿದಿದ್ದ ದೊಡ್ಡ ಮೊಟ್ಟೆಗಳು ಒಂದೊಂದಾಗಿ ಒಡೆದು, ದಷ್ಟಪುಷ್ಟವಾದ ಮರಿಗಳು ಕಾಲು ಬಡಿಯುತ್ತ ಹೊರಬಂದು ಈಜತೊಡಗಿದವು. ಅಧಿಕೃತವಾಗಿ ಅಷ್ಟು ದೊಡ್ಡ ಮರಿಗಳು ಇರುವಂತಿರಲಿಲ್ಲ. ಹಾಗಾಗಿ ಯಾರೂ ಅವನ್ನು ನೋಡಲಿಲ್ಲ.

ಪುಟ್ಟಿಗೆ ಮಾತ್ರ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಇಬ್ಬರ ಅಳತೆಯೂ ಒಂದೇ, ಅಂದರೆ ಇಬ್ಬರ ಕಣ್ಣೂ ಸರಿ, ಯಾರೂ ಎಲ್ಲಿಗೂ ಹೋಗಬೇಕಾಗಿಲ್ಲ. ಅಕ್ಕನ ಕೈ ಹಿಡಿದು ಎದ್ದೇ ಬಿಟ್ಟಿದ್ದಳು.

"ಒಂದು ನಿಮಿಷ. ಇಬ್ಬರೂ ಒಂದೇ ಅಳತೆ ಹೇಳೋದಾದ್ರೆ, ಇಬ್ಬರು ಯಾಕೆ?" ಎಂದರು ಸಾಹೇಬರು.

ಪುಟ್ಟಿ ಅಕ್ಕನ ಕೈ ಬಿಡದೆ ಮತ್ತೆ ಕೂತಳು.

"ಒಬ್ಬರು ಸಾಕಲ್ಲ. ಇನ್ನೊಬ್ಬರು ದ್ವೀಪಕ್ಕೆ ಹೋಗಲಿ, ಅಲ್ಲಿ ಜಾಗ ಖಾಲಿ ಇದೆ. ಯಾರು ಅನ್ನೋದು ನಿಮ್ಮನಿಮ್ಮಲ್ಲೇ ಮಾತಾಡ್ಕೊಳ್ಳಿ. ನಂಗೆ ಇಬ್ಬರೂ ಸಮಾನ."

ಪುಟ್ಟಿ ಬಾಯಿ ತೆರೆಯುವ ಮೊದಲೇ ಅಕ್ಕ ಸ್ವೆಟರಿನ ಗುಂಡಿ ಹಾಕಿಕೊಳ್ಳುತ್ತ, ಬಹಳ ಸಹಜವಾಗಿ ಹೇಳಿದಳು.

"ನಾನೇ ಹೋಗ್ತೀನಿ ಸಾರ್. ನಂಗೆ ಚಳಿ ಅಂದ್ರೆ ಇಷ್ಟ."

ಅದೇ ದನಿ. ಬಾಲವೇ ಇಷ್ಟ ಎನ್ನುವ ದನಿ. ಕಿಟಕಿಯ ಪಕ್ಕದ ಹಾಸಿಗೆ ನಿಂಗೆ, ನಂಗೆ ಗೋಡೆ ಪಕ್ಕವೇ ಇಷ್ಟ ಎಂದದ್ದು ಇದೇ ದನಿಯಲ್ಲಿ. ಹೊಸ ಚಪ್ಪಲಿ ನೀನು ಹಾಕ್ಕೋ, ಹಳೇದು ಮೆತ್ತಗಿದೆ ಎಂದದ್ದೂ ಇದೇ ದನಿಯಲ್ಲಿ. ಪುಟ್ಟಿ ಇಷ್ಟು ವರ್ಷ ಅದನ್ನು ನಂಬಿದ್ದಳು. ಯಾಕೆ ನಂಬಿದ್ದಳೆಂದರೆ, ನಂಬಿದರೆ ನಡುತುಂಡು ಸಿಗುತ್ತಿತ್ತು.

"ಸುಳ್ಳು ಸಾರ್!" ಎಂದು ಅವಳು ಕಿರುಚಿದಳು. "ಅವ್ಳಿಗೆ ಚಳಿ ಇಷ್ಟ ಇಲ್ಲ! ಬಾಲನೂ ಇಷ್ಟ ಇಲ್ಲ!"

"ಯಾರ ಬಾಲ?" ಎಂದರು ಸಾಹೇಬರು ಗಾಬರಿಯಾಗಿ.

"ಒಂದಿನಾನೂ ಇಷ್ಟ ಇರ್ಲಿಲ್ಲ! ನಾನು ತಿಂದೆ ಸಾರ್, ಎಲ್ಲಾ ನಾನೇ ತಿಂದೆ. ನನ್ನನ್ನ ಕಳ್ಸಿ. ಚಳಿ ಇಷ್ಟ ಇರೋದು ನಂಗೆ."

"ನಿಂಗೆ ನೆಗಡಿ ಆದ್ರೆ ತಿಂಗ್ಳು ಮಲಗ್ತೀಯಾ. ಸಾರ್, ಅವ್ಳ ಮಾತು ಕೇಳ್ಬೇಡಿ. ನಾನು ಹೋಗ್ತೀನಿ."

"ನಾನು!"

"ನಾನು!"

ಸಾಹೇಬರು ಎರಡೂ ಕೈ ಮೇಲೆತ್ತಿದರು. ಇಂಥ ಹೊತ್ತಿಗೆ ಏನು ಮಾಡಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಭೂಪಟ ತರಿಸಿ, ಬಂದರಿನಿಂದ ದ್ವೀಪದವರೆಗೆ ಗೆರೆ ಎಳೆದು, ಅದರ ನಟ್ಟನಡುವೆ ಒಂದು ಚುಕ್ಕಿ ಇಟ್ಟರು. "ಇಬ್ಬರೂ ಹೋಗಿ. ಆದ್ರೆ ಅರ್ಧ ದಾರಿ ಮಾತ್ರ. ಸರಾಸರಿ ತೆಗೆದ್ರೆ ಒಬ್ಬರು ಹೋದಂಗೂ ಆಯ್ತು, ಒಬ್ಬರು ಉಳಿದಂಗೂ ಆಯ್ತು."

ನೋಡೋಣ ಅವರು ಚುಕ್ಕಿಯನ್ನು ಬಗ್ಗಿ ನೋಡಿದರು. "ಸಾರ್, ಅಲ್ಲಿ ಬರೀ ನೀರಿದೆ."

"ಮನುಷ್ಯರು ಸ್ವಲ್ಪ ಹೊಂದ್ಕೋಬೇಕು ಕಣ್ರೀ" ಎಂದರು ಸಾಹೇಬರು.

ಕೋಣ ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಇಲಾಖೆ ಅದು. ವಾರ ಕಳೆಯುವುದರಲ್ಲಿ ಇಂಜಿನ್ ಇಲ್ಲದ ಒಂದು ಹಳೆಯ ದೋಣಿಮನೆಯನ್ನು ಎಳೆದುಕೊಂಡು ಹೋಗಿ, ಸರಿಯಾಗಿ ಚುಕ್ಕಿ ಇದ್ದ ಕಡೆ ಲಂಗರು ಹಾಕಿದರು. ಒಳಗೆ ಎರಡು ಮೈಕ್ರೋಸ್ಕೋಪು, ಎರಡು ಹಾಸಿಗೆ, ಒಂದು ಸ್ಟೌವ್. ಸುತ್ತ ನಾಲ್ಕು ದಿಕ್ಕಿಗೂ ಒಂದೇ ಸಮನಾದ ಕಡಲು. ಬಾರ್ನಕಲ್‌ಗಳನ್ನು ಹುಡುಕಿಕೊಂಡು ಹೋಗುವ ತೊಂದರೆಯೇ ಇರಲಿಲ್ಲ. ತಿಂಗಳಾಗುವಷ್ಟರಲ್ಲಿ ಅವೇ ದೋಣಿಯ ತಳ ಹುಡುಕಿಕೊಂಡು ಬಂದು, ತಲೆ ಅಂಟಿಸಿಕೊಂಡು, ಕಾಲಾಡಿಸತೊಡಗಿದವು.

ಅಲ್ಲಿಗೆ ಹೋದ ಮೊದಲ ದಿನ ಅಕ್ಕ ಅಲೆಗಳಿಗೆ ತಲೆಸುತ್ತು ಬಂದು ಮಲಗಿಬಿಟ್ಟಳು. ಹಾಗಾಗಿ ಅಡುಗೆ ಪುಟ್ಟಿಯ ಪಾಲಿಗೆ ಬಂತು. ದೋಣಿಯ ಅಂಚಿನಿಂದಲೇ ಗಾಳ ಬಿಟ್ಟು ಹಿಡಿದ ಮೀನನ್ನು ಪುಟ್ಟಿ ಕೊಯ್ದು, ಹೇಗೋ ಹುರಿದಳು. ಒಂದು ಕಡೆ ಸೀದಿತ್ತು. ಅಕ್ಕ ಎದ್ದು ಕೂತು, ಎಂದಿನಂತೆ ತಟ್ಟೆಗೆ ಕೈ ಚಾಚಿದಳು. ಬಾಲ ಇರಲಿಲ್ಲ. ಅದು ಆಗಲೇ ಪುಟ್ಟಿಯ ಬಾಯಲ್ಲಿತ್ತು.

"ನಂಗೆ ಬಾಲ ಇಷ್ಟ" ಎಂದಳು ಪುಟ್ಟಿ, ಬಾಯಿ ತುಂಬ ಮುಳ್ಳಿಟ್ಟುಕೊಂಡು.

ಅಕ್ಕ ತಟ್ಟೆಯಲ್ಲಿ ಉಳಿದಿದ್ದ ನಡುತುಂಡನ್ನು ಬಹಳ ಹೊತ್ತು ನೋಡಿದಳು. ಪರರ ಮನೆಯ ವಸ್ತುವನ್ನು ಮುಟ್ಟುವವಳ ಹಾಗೆ ಒಂದು ಚೂರು ಮುರಿದು ಬಾಯಿಗಿಟ್ಟಳು. ಅಗಿಯುವುದನ್ನು ನಿಲ್ಲಿಸಿದಳು. ಮತ್ತೆ ಅಗಿದಳು. ಇನ್ನೊಂದು ಚೂರು ಮುರಿದಳು. ಈ ಸಲ ಚೂರು ದೊಡ್ಡದಿತ್ತು.

"ಇಷ್ಟು ವರ್ಷ ನೀನು ತಿಂತಿದ್ದಿದ್ದು ಇದನ್ನಾ?" ಎಂದು ಕೇಳಿದಳು.

"ಹೂಂ."

"ದಿನಾ?"

"ಹೂಂ ಅಕ್ಕ."

ಅಕ್ಕ ತಂಗಿಯನ್ನು ತಲೆಯಿಂದ ಕಾಲಿನವರೆಗೆ, ಅಷ್ಟಗಲಕ್ಕೂ, ಒಂದು ಸಲ ಅಳೆದು ನೋಡಿದಳು. "ಕಳ್ಳಿ" ಎಂದಳು.

ಪುಟ್ಟಿಗೆ ಅಳು ಒತ್ತರಿಸಿ ಬಂತು. ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿದೆ ಎಂದಳು. ಅದೂ ಸುಳ್ಳೇನಲ್ಲ, ಬಾಲದಲ್ಲಿ ಮುಳ್ಳು ಬಿಟ್ಟರೆ ಬೇರೇನೂ ಇರಲಿಲ್ಲ. ಇದನ್ನು ಅಕ್ಕ ಒಂದು ಜೀವಮಾನ ಹೇಗೆ ನುಂಗಿದಳು ಎಂದು ನೆನೆದು ಅವಳಿಗೆ ಇನ್ನಷ್ಟು ಸಂಕಟವಾಯಿತು. ಅಕ್ಕ ಅದ್ಯಾವುದನ್ನೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ತುಂಡು ಮುಗಿಸಿದಳು, ಬೆರಳು ನೆಕ್ಕಿದಳು, ಸೀದ ಚರ್ಮವನ್ನೂ ಬಿಡಲಿಲ್ಲ. ಆಮೇಲೆ ಸ್ವೆಟರಿನ ತೋಳಿನಿಂದ ಬಾಯಿ ಒರೆಸಿಕೊಂಡು ಸ್ಟೌವಿನ ಕಡೆ ಕತ್ತು ಚಾಚಿದಳು.

"ಇನ್ನೊಂದು ತುಂಡು ಇದ್ಯಾ?"

ಈ ಮಾತನ್ನು ಪುಟ್ಟಿ ಅಕ್ಕನ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಇನ್ನೊಂದು ತುಂಡು ಇತ್ತು. ಬಾಣಲೆಯಲ್ಲಿ, ಮುಚ್ಚಳದ ಕೆಳಗೆ, ಎಲ್ಲಕ್ಕಿಂತ ದಪ್ಪನೆಯದು. ಆಮೇಲೆ ತಿಂದರಾಯಿತೆಂದು ಪುಟ್ಟಿ ಅದನ್ನು ತನಗೇ ಎತ್ತಿಟ್ಟುಕೊಂಡಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು. ಅವಳು ಒಂದು ಕ್ಷಣ ಅಕ್ಕನನ್ನು ನೋಡಿದಳು, ಒಂದು ಕ್ಷಣ ಮುಚ್ಚಳವನ್ನು ನೋಡಿದಳು.

"ಇದೆ, ತಾಳು" ಎಂದು ಹೇಳಿ ಎದ್ದಳು.